ಕೊನೆಯ ಬ್ಲೇಡಿಗೆ ಗಂಧ ಸಾಲಲಿಲ್ಲ

ಹೋದ ವರ್ಷ ಆಯುಧಪೂಜೆಗೆ ನನ್ನ ಹಳೆಯ ಕಾಲೇಜಿನವರು ಕರೆದಿದ್ದರು. ಕೋಣನಕುಂಟೆ ಕ್ರಾಸಿನಿಂದ ಸ್ವಲ್ಪ ಒಳಕ್ಕಿರುವ ಕಾಲೇಜು ಅದು. ನಾನು ಅಲ್ಲಿ ಪಾಠ ಮಾಡುತ್ತಿದ್ದ ಕಾಲಕ್ಕೆ ಗೇಟಿನ ಎದುರು ರಾಗಿ ಹೊಲವಿತ್ತು, ಬಸ್ಸು ತಪ್ಪಿದರೆ ಇನ್ನೊಂದು ಬಸ್ಸಿಗೆ ಹೊಲ ನೋಡುತ್ತ ನಿಲ್ಲಬೇಕಿತ್ತು. ಈಗ ಹೊಲದ ಜಾಗದಲ್ಲಿ ಅಪಾರ್ಟ್‌ಮೆಂಟು ನಿಂತಿದೆ, ಅದರ ಕೆಳಗೆ ಮೂರು ದರ್ಶಿನಿಗಳಿವೆ. ಎಲ್ಲಿಗೋ ಬಂದುಬಿಟ್ಟೆನಾ ಅಂದುಕೊಳ್ಳುತ್ತ ಮೆಕ್ಯಾನಿಕಲ್ ವಿಭಾಗದ ಬಾಗಿಲು ದಾಟಿದೆನೋ ಇಲ್ಲವೋ, ವಾಸನೆ ಬಂದು ಮೂಗಿಗೆ ಬಡಿಯಿತು. ಲೇತ್ ಮಿಷಿನ್ನಿನ ಎಣ್ಣೆ, ಅದರ ಮೇಲೆ ತೇಯ್ದ ಗಂಧ, ಅದರ ಮೇಲೆ ಆಗತಾನೇ ಒಡೆದ ಬೂದುಗುಂಬಳ. ಈ ಮೂರೂ ಸೇರಿದ ವಾಸನೆ ವರ್ಷಕ್ಕೊಂದೇ ದಿನ ಹುಟ್ಟುತ್ತದೆ. ನಾನು ಅಲ್ಲೇ ನಿಂತು ನಗುವುದಕ್ಕೆ ಶುರು ಮಾಡಿದೆ.

"ಯಾಕೆ ಮೇಡಂ, ಏನಾಯ್ತು?" ಎಂದು ಜೊತೆಯಲ್ಲಿದ್ದ ಯುವ ಲೆಕ್ಚರರ್ ಸಿಂಧು ಗಾಬರಿಯಿಂದ ಕೇಳಿದಳು.

"ಏನಿಲ್ಲಮ್ಮ, ನಮ್ಮತ್ತೆ ನೆನಪಾದ್ರು."

ಅತ್ತೆಯನ್ನು ನೆನೆದು ನಗುವ ಸೊಸೆಯನ್ನು ಅವಳು ಅದುವರೆಗೆ ನೋಡಿರಲಿಲ್ಲವೇನೋ. ನನ್ನ ವಯಸ್ಸಿನ ಲೆಕ್ಕ ಹಾಕುವವಳಂತೆ ಒಮ್ಮೆ ನೋಡಿ, ನೀರು ಬೇಕಾ ಎಂದು ಕೇಳಿದಳು.

ನನ್ನ ಕಸುಬು ಅಲುಗಾಟ. ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಕೆಲವರು ಎಂಜಿನ್ ಮಾಡುತ್ತಾರೆ, ಕೆಲವರು ಬಾಯ್ಲರ್ ಮಾಡುತ್ತಾರೆ, ನಾವು ಕೆಲವರು ಮಾತ್ರ ಯಾವುದು ಯಾಕೆ ಅಲುಗುತ್ತದೆ, ಅದನ್ನು ನಿಲ್ಲಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡು ಕೂರುತ್ತೇವೆ. ಈಗ ನಾನು ಮಾಡುವ ಕೆಲಸಕ್ಕೆ ಮೆಟಾಮೆಟೀರಿಯಲ್ ಎಂಬ ಭಾರೀ ಹೆಸರಿದೆ. ಹೆಸರು ಹೇಳಿದರೆ ಜನ ಕುರ್ಚಿ ಕೊಡುತ್ತಾರೆ. ಆದರೆ ನಾನು ಹೇಳಹೊರಟಿರುವ ವರ್ಷ, ಅಂದರೆ ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಕಣ್ಣು ಬಿಡುತ್ತಿದ್ದ ಹೊತ್ತಿಗೆ, ಆ ಪದ ನಮ್ಮ ಕಾಲೇಜಿನ ಕಾಂಪೌಂಡು ದಾಟಿ ಒಳಗೆ ಬಂದಿರಲಿಲ್ಲ. ಆಗ ಜನ ನನ್ನ ಕೆಲಸಕ್ಕೆ ಇಟ್ಟಿದ್ದ ಹೆಸರು "ಆ ಹ್ಯಾಕ್‌ಸಾ ಬ್ಲೇಡ್ ಮೇಡಂದು" ಎಂದು.

ಯಾಕೆಂದರೆ ನನ್ನ ಉಪಕರಣ ಇದ್ದದ್ದೇ ಹಾಗೆ. ಮೇಜಿನ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿ. ಅದಕ್ಕೆ ಸಾಲಾಗಿ ಎರಡು ಡಜನ್ ಹ್ಯಾಕ್‌ಸಾ ಬ್ಲೇಡಿನ ತುಂಡುಗಳು, ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ಇರುತ್ತದಲ್ಲ, ಅದೇ. ಪ್ರತಿ ತುಂಡಿನ ತುದಿಗೂ ಒಂದೊಂದು ಹಿತ್ತಾಳೆ ನಟ್ಟು. ಪಟ್ಟಿಯ ಈ ತುದಿಯನ್ನು ಒಂದು ಯಂತ್ರ ಅಲ್ಲಾಡಿಸುತ್ತದೆ. ಅಲುಗಾಟ ಆ ತುದಿಗೆ ಎಷ್ಟು ತಲುಪಿತು ಎಂದು ಕಂಪ್ಯೂಟರು ಗೆರೆ ಎಳೆದು ತೋರಿಸುತ್ತದೆ. ಒಂದು ನಿರ್ದಿಷ್ಟ ವೇಗದ ಅಲುಗಾಟ ಬಂದಾಗ ನಡುವಿನ ಬ್ಲೇಡುಗಳೆಲ್ಲ ತಾವೇ ಕುಣಿದು ಕುಣಿದು ಅದನ್ನು ತಿಂದುಹಾಕುತ್ತವೆ, ಆ ತುದಿಗೆ ಏನೂ ತಲುಪುವುದಿಲ್ಲ. ಆಗ ತೆರೆಯ ಮೇಲಿನ ಗೆರೆ ಬಾವಿಗೆ ಬಿದ್ದಂತೆ ಒಂದು ಕಡೆ ದುಡುಮ್ಮನೆ ಇಳಿಯುತ್ತದೆ. ಆ ಬಾವಿಯೇ ನನ್ನ ಪಿಎಚ್‌ಡಿ.

ಅತ್ತೆ ನಾಗರತ್ನಮ್ಮನವರು ಒಮ್ಮೆ ಕೇಳಿದಾಗ ನಾನು ಹೀಗೆ ಬಿಡಿಸಿ ಹೇಳಿದ್ದೆ: "ಬೀದಿಯ ಈ ತುದೀಲಿ ಜಗಳ ಶುರುವಾಗತ್ತೆ ಅಂದ್ಕೊಳ್ಳಿ ಅತ್ತೆ. ನಡುವಿನ ಮನೆಯವರು ಅದನ್ನ ಕೇಳಿಸ್ಕೊಂಡು, ತಮ್ಮ ತಮ್ಮಲ್ಲೇ ತಲೆ ಅಲ್ಲಾಡಿಸಿ ಮುಗಿಸಿಬಿಡ್ತಾರೆ. ಆ ತುದಿಗೆ ಸುದ್ದೀನೇ ಹೋಗಲ್ಲ."

ಅತ್ತೆ ಸ್ವಲ್ಪ ಯೋಚಿಸಿ, "ಹಾಗಾದ್ರೆ ಅದು ಜಯನಗರದ ಬೀದಿ ಅಲ್ಲ ಬಿಡು" ಎಂದರು.

ನಮ್ಮ ಮನೆ ಇದ್ದದ್ದು ಜಯನಗರದ ಟಿ ಬ್ಲಾಕಿನಲ್ಲಿ. ಬೀದಿಯಲ್ಲಿ ಅತ್ತೆಗೆ ಒಂದು ಹೆಸರಿತ್ತು. ಗೌರಿಹಬ್ಬವಿರಲಿ, ವರಮಹಾಲಕ್ಷ್ಮಿಯಿರಲಿ, ಅರಿಶಿನ ಕುಂಕುಮಕ್ಕೆ ನಾಗರತ್ನಮ್ಮನ ಮನೆಗೆ ಎಷ್ಟು ತಡವಾಗಿ ಹೋದರೂ ತಾಂಬೂಲದಲ್ಲಿ ತೆಂಗಿನಕಾಯಿ ಇದ್ದೇ ಇರುತ್ತದೆ ಅಂತ. ಮೊದಲು ಬಂದವರಿಗೆ ಕಾಯಿ, ಕೊನೆಗೆ ಬಂದವರಿಗೆ ಒಂದು ಬಟ್ಟಲಡಿಕೆ ಕೊಟ್ಟು ಕಳಿಸುವ ಮನೆಗಳನ್ನು ಅತ್ತೆ ಹೆಸರು ಹಿಡಿದು ಆಡಿಕೊಳ್ಳುತ್ತಿದ್ದರು. "ಕೊನೇಲಿ ಬರೋರು ಮನುಷ್ಯರಲ್ವಾ?" ಎನ್ನುವುದು ಅವರ ಮಾತು. ಮಿಕ್ಕಂತೆ ಅವರು ಹಾಲಿನವನ ಹತ್ತಿರ ಅಳತೆಯ ವಿಷಯಕ್ಕೆ ದಿನಾ ಜಗಳ ಆಡುವವರೇ. ಆದರೆ ಆ ಒಂದು ವಿಷಯದಲ್ಲಿ ಮಾತ್ರ ಕರ್ಣನ ತಂಗಿ.

ಆ ವರ್ಷ ನನ್ನ ಪ್ರಾಣ ಹಗ್ಗದ ಮೇಲಿತ್ತು. ಸಂಶೋಧನೆ ಶುರು ಮಾಡಿ ಎಂಟು ವರ್ಷವಾಗಿತ್ತು. ದಿನವಿಡೀ ಪಾಠ, ಸಂಜೆ ಬ್ಲೇಡು, ಮನೆಗೆ ಬಂದರೆ ಹುಳಿಗೆ ತರಕಾರಿ. ಬೀದಿಯವರು ನನ್ನ ಪಿಎಚ್‌ಡಿ ವಿಚಾರಿಸುವುದನ್ನೇ ಬಿಟ್ಟಿದ್ದರು, ಬಹಳ ದಿನದಿಂದ ಹಾಸಿಗೆ ಹಿಡಿದವರ ಆರೋಗ್ಯ ಕೇಳಲು ಹಿಂಜರಿಯುತ್ತಾರಲ್ಲ, ಹಾಗೆ. ನನ್ನ ಗೈಡ್ ಶೇಷಾದ್ರಿ ಸಾರ್ ಆ ತಿಂಗಳ ಕೊನೆಗೆ ರಿಟೈರ್ ಆಗುವವರಿದ್ದರು. ಅಷ್ಟರೊಳಗೆ ಕೊನೆಯ ಸೆಮಿನಾರ್ ಮುಗಿದು, ಹೊರಗಿನಿಂದ ಬಂದ ಪರೀಕ್ಷಕರು ಒಪ್ಪಿ ಸಹಿ ಹಾಕಬೇಕು. ಇಲ್ಲದಿದ್ದರೆ ನನ್ನನ್ನು ಬೇರೆ ಗೈಡಿಗೆ ವರ್ಗಾಯಿಸುತ್ತಾರೆ. ವಿಭಾಗದಲ್ಲಿ ಇದ್ದ ಇನ್ನೊಬ್ಬ ಗೈಡು ಬಾಯ್ಲರ್ ಪಂಡಿತರು. ಅವರು ಆಗಲೇ ನನ್ನನ್ನು ಕಾರಿಡಾರಿನಲ್ಲಿ ಕಂಡಾಗಲೆಲ್ಲ, "ಬನ್ನಿ ಬನ್ನಿ, ಬಾಯ್ಲರ್‌ನಲ್ಲಿ ಹೊಸದಾಗಿ ಶುರು ಮಾಡೋಣ, ಇನ್ನೊಂದು ಐದು ವರ್ಷ ಅಷ್ಟೆ" ಎನ್ನುತ್ತಿದ್ದರು. ಅವರ ಮುಖ ನೋಡಿದರೆ ನನಗೆ ಎದೆ ಧಸಕ್ ಎನ್ನುತ್ತಿತ್ತು.

ಸೆಮಿನಾರಿನ ದಿನ ಗೊತ್ತಾಯಿತು. ವಿಜಯದಶಮಿಯ ಮಾರನೆಯ ದಿನ.

ಇತ್ತ ಮನೆಯಲ್ಲಿ ನವರಾತ್ರಿಯ ಗೊಂಬೆ ಕೂರಿಸಿಯಾಗಿತ್ತು. ಆ ವರ್ಷವೇ ನಮ್ಮ ಮನೆಗೆ ವಾಷಿಂಗ್ ಮಿಷಿನ್ ಬಂದಿದ್ದು. ಬಟ್ಟೆ ಹಿಂಡುವಾಗ ಅದು ಮೈಮೇಲೆ ದೇವರು ಬಂದಂತೆ ಕುಣಿಯುತ್ತಿತ್ತು, ಗೋಡೆಯ ಆಚೆ ಬದಿಯಲ್ಲಿದ್ದ ಗೊಂಬೆಗಳ ಮೆಟ್ಟಿಲೂ ನಡುಗುತ್ತಿತ್ತು. ಮೂರನೆಯ ದಿನ ಅತ್ತೆ ಗೊಂಬೆಗಳ ಮುಂದೆ ನಿಂತು ಕೂಗಿದರು.

"ವಸೂ! ಬಾ ಇಲ್ಲಿ. ರಾಜ ರಾಣಿಗೆ ಬೆನ್ನು ತಿರುಗಿಸಿಬಿಟ್ಟಿದಾನೆ!"

ಹೋಗಿ ನೋಡಿದರೆ ನಿಜ. ಅತ್ತೆಯ ತವರಿನಿಂದ ಬಂದ ಪಟ್ಟದ ಗೊಂಬೆಗಳು ಅವು. ರಾಣಿ ತನ್ನ ಪಾಡಿಗೆ ನೇರ ನಿಂತಿದ್ದಾಳೆ. ರಾಜ ಮಾತ್ರ ನಡುಗಿ ನಡುಗಿ ಪೂರ್ತಿ ತಿರುಗಿ ಗೋಡೆ ನೋಡುತ್ತಿದ್ದಾನೆ. ಅತ್ತೆಗೆ ಇದು ಅಪಶಕುನ. ನೇರ ಮಾಡಿಟ್ಟರು. ಮಾರನೆಯ ದಿನ ಬಟ್ಟೆ ಒಗೆದ ಮೇಲೆ ಮತ್ತೆ ಅದೇ ಕಥೆ. "ಎಂಟು ವರ್ಷದಿಂದ ಅಲ್ಲಾಡೋದನ್ನ ಓದ್ತಿದೀಯಲ್ಲ, ಈ ಒಬ್ಬ ರಾಜನ್ನ ನಿಲ್ಲಿಸೋಕಾಗಲ್ವೇನೆ ನಿನಗೆ?" ಎಂದರು.

ಮಾತು ಚುಚ್ಚಿತು. ಮಿಷಿನ್ನಿನ ಕಾಲಡಿಗೆ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಇಟ್ಟರೆ ಸಾಕು ಎಂದೆ. ದೇವರ ಗೋಡೆಗೆ ಚಪ್ಪಲಿಯೇ ಎಂದು ಅತ್ತೆ ಕಿವಿ ಮುಚ್ಚಿಕೊಂಡರು. ಕೊನೆಗೆ ಯಾರೂ ಮೆಟ್ಟದ ಹೊಸ ಚಪ್ಪಲಿಯಾದರೆ ದೋಷವಿಲ್ಲವೆಂದು ತೀರ್ಮಾನವಾಗಿ, ನಮ್ಮ ಮನೆಯವರು ನಾಲ್ಕನೇ ಬ್ಲಾಕಿಗೆ ಹೋಗಿ ಹೊಸ ಜೊತೆ ತಂದರು. ಅಂಗಡಿಯವನು ಸೈಜು ಕೇಳಿದ್ದಕ್ಕೆ ಇವರು "ವಾಷಿಂಗ್ ಮಿಷಿನ್ನಿಗೆ" ಎಂದು ಹೇಳಿ ಬಂದಿದ್ದರು. ಕತ್ತರಿಸಿ ಇಟ್ಟೆ. ರಾಜ ನಿಂತ. ಬಟ್ಟೆ ಹಿಂಡಿ ಮುಗಿಯುವವರೆಗೆ ಅತ್ತೆ ಅವನ ಎದುರೇ ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಅವನು ರಾಣಿಯನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ.

ನನ್ನ ಓದಿನಿಂದ ಆ ಮನೆಗೆ ಆದ ಮೊದಲ ಉಪಯೋಗ ಅದು. ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತು ಗೊಂಬೆ ನೋಡಲು ಬಂದವರಿಗೆಲ್ಲ ಗೊಂಬೆಗಿಂತ ಮೊದಲು ಚಪ್ಪಲಿ ತೋರಿಸಿದರು. ಅಲ್ಲಿಂದ ಅವರ ತಲೆಗೆ ಒಂದು ಹೊಳೆಯಿತು. "ನಿನ್ನ ಮಿಷಿನ್ನಿಗೆ ಈ ಸಲ ಆಯುಧಪೂಜೆ ನಾನೇ ಮಾಡ್ತೀನಿ. ಎಂಟು ವರ್ಷದಿಂದ ಅದಕ್ಕೆ ಯಾರೂ ನೆಟ್ಟಗೆ ಪೂಜೆ ಮಾಡಿಲ್ಲ. ಅದಕ್ಕೇ ನಿನಗೆ ಆಗ್ತಿಲ್ಲ."

"ಅತ್ತೆ, ಅದನ್ನ ಮುಟ್ಟೋ ಹಾಗಿಲ್ಲ. ಒಂದು ಕೂದಲು ಬಿದ್ರೂ ಲೆಕ್ಕ ತಪ್ಪತ್ತೆ."

"ನಾನು ಕೂದಲು ಹಾಕ್ತೀನಿ ಅಂದ್ನಾ? ಗಂಧ ಇಡ್ತೀನಿ ಅಂದೆ."

ಆಯುಧಪೂಜೆಯ ದಿನ ಕಾಲೇಜಿಗೆ ಕಾಲೇಜೇ ಮದುವೆ ಮನೆಯಾಗಿತ್ತು. ಲೇತುಗಳಿಗೆಲ್ಲ ವಿಭೂತಿಯ ಮೂರು ಪಟ್ಟೆ, ಡ್ರಿಲ್ಲಿಂಗ್ ಮಿಷಿನ್ನಿಗೆ ಬಾಳೆಕಂದು, ಪ್ರಿನ್ಸಿಪಾಲರ ಕಾರಿಗೆ ಸೇವಂತಿಗೆ ಹಾರ, ಮೇಜಿನ ಮೇಲೆ ಕಡ್ಲೆಪುರಿಯ ಗುಡ್ಡ. ಇದೆಲ್ಲದರ ಯಜಮಾನ ನಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್ ನಂಜುಂಡಪ್ಪ. ಪೂಜೆ ಕಾಣದ ಯಂತ್ರ ವರ್ಷವಿಡೀ ಮುನಿಸಿಕೊಳ್ಳುತ್ತದೆ ಎಂಬುದು ಅವನ ದೃಢ ನಂಬಿಕೆ. ಕೆಟ್ಟುನಿಂತ ಯಾವ ಯಂತ್ರ ತೋರಿಸಿದರೂ ಮೊದಲು ಕೇಳುತ್ತಿದ್ದುದು, "ಹೋದ ಸಲ ಇದಕ್ಕೆ ಕುಂಬಳಕಾಯಿ ಒಡೆದಿದ್ರಾ?" ಅಂತಲೇ. ನಾನು ನನ್ನ ಉಪಕರಣದ ಮೇಲೆ "ಮುಟ್ಟಬೇಡಿ" ಎಂದು ದೊಡ್ಡದಾಗಿ ಬರೆದು ಅಂಟಿಸಿ, ಕೋಣೆಗೆ ಬೀಗ ಹಾಕಿಸಿದ್ದೆ. ಬೀಗದ ಕೈ ಇದ್ದದ್ದು ನಂಜುಂಡಪ್ಪನ ಹತ್ತಿರ.

ಮತ್ತೆ ನಾನೆಲ್ಲಿದ್ದೆ? ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ! ಇಡೀ ವಿಭಾಗಕ್ಕೆ ನಾನೊಬ್ಬಳೇ ಹೆಂಗಸು. ಯಂತ್ರಶಾಸ್ತ್ರದಲ್ಲಿ ಚಿನ್ನದ ಪದಕ ತೆಗೆದುಕೊಂಡು ಬಂದಿದ್ದರೂ ಅವತ್ತಿನ ದಿನ ನನ್ನ ಪಾಲಿಗೆ ರಂಗೋಲಿ ಡಬ್ಬವೇ. "ಮೇಡಂ ಹಾಕಿದ್ರೇನೇ ಲಕ್ಷಣ" ಎಂದು ಹಲ್ಲು ಕಿರಿಯುತ್ತಿದ್ದ ಗಂಡಸರಲ್ಲಿ ಒಬ್ಬನಿಗೂ ನೆಟ್ಟಗೆ ಒಂದು ವೃತ್ತ ಬರೆಯಲು ಬರುತ್ತಿರಲಿಲ್ಲ, ಅವರಲ್ಲಿ ಇಬ್ಬರು ಎಂಜಿನಿಯರಿಂಗ್ ಡ್ರಾಯಿಂಗ್ ಪಾಠ ಮಾಡುತ್ತಿದ್ದವರು. ನಾನು ಹಲ್ಲು ಕಚ್ಚಿಕೊಂಡು ಕಮಲ ಬರೆಯುತ್ತಿದ್ದಾಗ ಅತ್ತೆ ರೇಷ್ಮೆ ಸೀರೆ ಉಟ್ಟು, ಬೆಳ್ಳಿ ಬಟ್ಟಲಲ್ಲಿ ತೇಯ್ದ ಗಂಧ ತುಂಬಿಕೊಂಡು ಆಟೋದಿಂದ ಇಳಿದರು. ನನ್ನ ಕಮಲ ಮೆಚ್ಚಿದರು. ಒಳಗೆ ಹೋದರು. ನಂಜುಂಡಪ್ಪ "ಬನ್ನಿ ತಾಯಿ" ಎಂದು ಬೀಗ ತೆಗೆದ.

ನಾನು ಕೈ ತೊಳೆದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಬ್ಲೇಡುಗಳು ಒಂದೊಂದೂ ಮುತ್ತೈದೆಯಾಗಿದ್ದವು. ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ, ಕೆಲವಕ್ಕೆ ಸೇವಂತಿಗೆ ಎಸಳು. "ಮುಟ್ಟಬೇಡಿ" ಎಂದು ಬರೆದ ಕಾಗದಕ್ಕೂ ಒಂದು ಬೊಟ್ಟು ಇಟ್ಟಿದ್ದರು.

"ಅತ್ತೇ!"

"ಒಂದೇ ಮಿಷಿನ್ನು ಅಂದ್ಕೊಂಡು ಬಂದೆ ಕಣೆ. ಇದೇನು ಇಷ್ಟೊಂದು ಮಕ್ಕಳು!" ಎಂದರು ಅತ್ತೆ, ಖಾಲಿ ಬಟ್ಟಲು ಹಿಡಿದು.

ಒರೆಸಲು ಬಟ್ಟೆ ಎತ್ತಿಕೊಂಡೆ. ನಂಜುಂಡಪ್ಪ ಅಡ್ಡ ನಿಂತ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಗೆ ಮೊದಲು ಕದಲಿಸುವ ಹಾಗಿಲ್ಲ, ಆಮೇಲೆ ಏನಾದರೂ ಆದರೆ ನನ್ನ ಕೇಳಬೇಡಿ ಎಂದ. ಹಾಳಾಗಿ ಹೋಗಲಿ, ಸೆಮಿನಾರಿನ ದಿನ ಬೆಳಿಗ್ಗೆ ಬೇಗ ಬಂದು ತೊಳೆದರಾಯಿತು ಅಂದುಕೊಂಡೆ. ಅವನು ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ, ಹಬ್ಬಕ್ಕೆ ಊರಿಗೆ ಹೋದ.

ಸೆಮಿನಾರಿನ ದಿನ ಬೆಳಿಗ್ಗೆಯಿಂದಲೇ ಚಿತ್ತೆ ಮಳೆ ಹಿಡಿದಿತ್ತು. ನಾನು ಬೇಗನೇ ಬಂದು ಬಾಗಿಲಲ್ಲಿ ನಿಂತೆ. ನಂಜುಂಡಪ್ಪ ಇಲ್ಲ. ಅವನ ಬಸ್ಸು ಕನಕಪುರ ರಸ್ತೆಯಲ್ಲಿ ಎಲ್ಲೋ ಕೆಟ್ಟು ನಿಂತಿತ್ತು, ಅದಕ್ಕೆ ಹೋದ ಸಲ ಕುಂಬಳಕಾಯಿ ಒಡೆದಿರಲಿಲ್ಲವೋ ಏನೋ. ಅವನು ನೆನೆದು ತೊಪ್ಪೆಯಾಗಿ ಓಡಿಬಂದು ಬೀಗ ತೆಗೆಯುವುದಕ್ಕೂ, ಶೇಷಾದ್ರಿ ಸಾರ್ ಪರೀಕ್ಷಕರನ್ನು ಕರೆದುಕೊಂಡು ಬರುವುದಕ್ಕೂ ಸರಿಹೋಯಿತು.

ಪರೀಕ್ಷಕರು ಧಾರವಾಡದ ಕಡೆಯವರು, ಪಾಟೀಲ ಸಾರ್. ದಪ್ಪ ಮೀಸೆ, ಹಣೆಯಲ್ಲಿ ವಿಭೂತಿ, ಮಾತು ಕಮ್ಮಿ. ಅವರು ತಿರುಗಿ ಕಳಿಸಿದ ಥೀಸಿಸ್ಸುಗಳ ಕಥೆ ನಮ್ಮ ಕಡೆಯೆಲ್ಲ ಹಬ್ಬಿತ್ತು. ನಾನು, "ಹತ್ತು ನಿಮಿಷ ಕೊಡಿ ಸಾರ್, ಇದನ್ನೆಲ್ಲ ತೊಳೆದುಬಿಡ್ತೀನಿ" ಎಂದೆ.

"ಪೂಜಿ ಮಾಡಿದ್ದನ್ನ ತೊಳೀತೀರೇನ್ರೀ?" ಅವರ ಮೀಸೆ ನಡುಗಿತು. "ಇರ್ಲಿ ಬಿಡ್ರಿ. ಹಂಗ ನಡಸ್ರಿ."

ನಡೆಸಿದೆ. ಆ ಕಾಲದ ಕಂಪ್ಯೂಟರು ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ಎಳೆಯುತ್ತಿತ್ತು, ನಮ್ಮ ಉಸಿರು ಹಿಡಿದಿಟ್ಟು. ಗೆರೆ ಬಾವಿಯ ಹತ್ತಿರ ಬಂತು. ಬಾವಿ ಇನ್ನೂ ಬರುವ ಮೊದಲೇ ಇಳಿಯಿತು. ಇಳಿದದ್ದು ಏಳಲೇ ಇಲ್ಲ, ಹಾಗೇ ಅಗಲಕ್ಕೆ ಹೋಯಿತು, ಹೋಯಿತು, ಎಷ್ಟೋ ಆಚೆಗೆ ಹೋಗಿ ಎದ್ದಿತು. ನಾನು ಬಾವಿ ತೋಡಿದ್ದ ಜಾಗದಲ್ಲಿ ಕೆರೆ ಬಂದು ಕೂತಿತ್ತು.

ಪಾಟೀಲ ಸಾರ್ ನನ್ನ ಥೀಸಿಸ್ ತೆರೆದು ಒಮ್ಮೆ ಪುಟ ನೋಡಿದರು, ಒಮ್ಮೆ ತೆರೆ ನೋಡಿದರು. "ನೀವು ಬರದದ್ದು ಸಣ್ಣದೈತಿ. ಇದು ಇಷ್ಟು ಅಗಲ ಐತಿ. ಛಲೋನ ಆತಲ್ರೀ, ಎಷ್ಟೋ ನಮೂನಿ ಅಲುಗಾಟ ನಿಂತಾವು. ಆದ್ರ ಯಾಕ?"

ಯಾಕೆ? ನನಗೇನು ಗೊತ್ತು! ಶೇಷಾದ್ರಿ ಸಾರ್ ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ತಮಗೂ ಗೊತ್ತಿಲ್ಲ ಎಂದರ್ಥ.

"ಯಾಕಂತ ಹೇಳಲಿಲ್ಲಂದ್ರ ನಾ ಹೆಂಗ ಸಹಿ ಹಾಕ್ಲಿ ಹೇಳ್ರಿ?" ಎಂದರು ಪಾಟೀಲ ಸಾರ್. ಬಾಗಿಲ ಬಳಿ ನಿಂತಿದ್ದ ಬಾಯ್ಲರ್ ಪಂಡಿತರು ನನ್ನ ಕಡೆ ನೋಡಿ ಪ್ರೀತಿಯಿಂದ ನಕ್ಕರು.

ಆ ನಗು ಕಂಡೇ ನನಗೆ ಸಿಟ್ಟು ಬಂದಿದ್ದು, ಸಿಟ್ಟಿನಲ್ಲೇ ಬ್ಲೇಡುಗಳ ಕಡೆ ತಿರುಗಿದ್ದು. ಮೊದಲನೆಯ ಬ್ಲೇಡಿನ ಮೇಲೆ ಗಂಧ ಗಟ್ಟಿಯಾಗಿ ಒಂದು ಉಂಡೆಯಷ್ಟು ಕೂತಿತ್ತು, ಕುಂಕುಮ, ಅಕ್ಷತೆ, ಹೂವಿನ ಎಸಳು ಎಲ್ಲ ಸಮೇತ. ಎರಡನೆಯದಕ್ಕೆ ಅದಕ್ಕಿಂತ ಒಂದಿಷ್ಟು ಕಮ್ಮಿ. ನಡುವಿಗೆ ಬರುವ ಹೊತ್ತಿಗೆ ಬರೀ ಬೊಟ್ಟು. ಕೊನೆಕೊನೆಗೆ ಬರೀ ಬೆರಳಿನ ಗುರುತು. ಕಟ್ಟಕಡೆಯ ಬ್ಲೇಡಿಗೆ ಅದೂ ಇಲ್ಲ. ನೋಡುತ್ತ ನೋಡುತ್ತ ನನಗೆ ಹೊಳೆಯಿತು. ಎಲ್ಲ ಬ್ಲೇಡೂ ಒಂದೇ ತೂಕವಿರಲಿ ಎಂದು ನಾನು ವರ್ಷಗಟ್ಟಲೆ ಒದ್ದಾಡಿದ್ದೆ. ಒಂದೇ ತೂಕವಿದ್ದರೆ ಎಲ್ಲವೂ ಒಂದೇ ಅಲುಗಾಟ ತಿನ್ನುತ್ತವೆ. ತೂಕ ಬೇರೆ ಬೇರೆಯಾದರೆ, ಒಂದು ಬಿಟ್ಟದ್ದನ್ನು ಅದರ ಪಕ್ಕದ್ದು ತಿನ್ನುತ್ತದೆ. ನಮ್ಮತ್ತೆಗೆ ಗಂಧ ಸಾಲದೆ ಹೋಗಿದ್ದೇ ಆ ಕೆರೆಗೆ ಕಾರಣ!

ಹೇಳಿದೆ. ಏದುಸಿರು ಬಿಡುತ್ತ ಹೇಳಿದೆ. ಪಾಟೀಲ ಸಾರ್ ಪೂರ್ತಿ ಕೇಳಿಸಿಕೊಂಡರು. "ಬಾಯಿಲೆ ಹೇಳಿದ್ರ ಆಗೂದಿಲ್ರೀ. ಈಗ ತೊಳೀರಿ, ದೇವರು ಏನೂ ಅನ್ನೂದಿಲ್ಲ. ಮತ್ತ ಹಚ್ಚಿ ತೋರಸ್ರಿ."

ತೊಳೆದೆವು. ಹಳೆಯ ಸಣ್ಣ ಬಾವಿ ಬಂತು. ಮತ್ತೆ ಹಚ್ಚಲು ಗಂಧ? ಕಾಲೇಜಿನ ಗಂಧ ಪೂಜೆಯ ದಿನವೇ ಮುಗಿದಿತ್ತು. ನಂಜುಂಡಪ್ಪ ವಿಭೂತಿ ಹಚ್ಚಿ ನೋಡಿದ. ಯಂತ್ರ ಅಲ್ಲಾಡಿದ್ದೇ ತಡ, ಎಲ್ಲ ಉದುರಿ ಹೊಗೆಯಂತೆ ಎದ್ದು ಪರೀಕ್ಷಕರು ಸೀನತೊಡಗಿದರು. ನಾನು ಎಚ್‌ಓಡಿ ಕೋಣೆಗೆ ಓಡಿ ಮನೆಗೆ ಫೋನ್ ಮಾಡಿದೆ.

"ಅತ್ತೆ, ಗಂಧ ತೇಯ್ದು ಆಟೋದಲ್ಲಿ ಕಳಿಸ್ತೀರಾ? ಮೊನ್ನೆಯಷ್ಟೇ ಸಾಕು."

"ಯಾಕೆ, ನಾನು ಇಟ್ಟಿದ್ದು ಏನಾಯ್ತು?"

"ತೊಳೆದ್ವಿ."

"ನಾನೇ ಬರ್ತೀನಿ" ಎಂದು ಫೋನಿಟ್ಟರು.

ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯ ಚೀಲದಲ್ಲಿ ಸಾಣೆಕಲ್ಲು, ಗಂಧದ ಕೊರಡು, ಬೆಳ್ಳಿ ಬಟ್ಟಲು. ನಾನು ಬಟ್ಟಲಿಗೆ ಕೈ ಚಾಚಿದೆ. ಪಾಟೀಲ ಸಾರ್ ತಡೆದರು. "ಅವರ ಕೈಲೆ ಆದದ್ದು ಅವರ ಕೈಲೆ ಆಗಬೇಕ್ರಿ. ನೀವು ಏನೂ ಹೇಳಬ್ಯಾಡ್ರಿ ಅವರಿಗೆ." ಪ್ರಯೋಗದ ನಿಯಮ ಅದು, ತಪ್ಪೇನಿಲ್ಲ. ನಾನು ತುಟಿ ಕಚ್ಚಿಕೊಂಡು ನಿಂತೆ.

ಅತ್ತೆ ಕೋಣೆಯನ್ನೊಮ್ಮೆ ನೋಡಿದರು. ಪರವೂರಿನ ದೊಡ್ಡ ಮನುಷ್ಯರು, ಪ್ರೊಫೆಸರುಗಳು, ಎಲ್ಲರೂ ತಮ್ಮ ಕೈಯನ್ನೇ ನೋಡುತ್ತಿದ್ದಾರೆ. ನೆಲದ ಮೇಲೆ ಕೂತು ಗಂಧ ತೇಯತೊಡಗಿದರು. ತೇಯ್ದರು, ತೇಯ್ದರು, ಬಟ್ಟಲು ತುಂಬುವವರೆಗೆ ತೇಯ್ದರು. ನನ್ನ ಜೀವ ಬಾಯಿಗೆ ಬಂತು. ಆಮೇಲೆ ಎದ್ದು ಮೊದಲ ಬ್ಲೇಡಿನಿಂದ ಕೊನೆಯ ಬ್ಲೇಡಿನವರೆಗೆ ಒಂದೇ ಸಮ, ಅಳೆದು ಇಟ್ಟಂತೆ, ಧಾರಾಳವಾಗಿ ಇಟ್ಟರು. ಬಟ್ಟಲಲ್ಲಿ ಇನ್ನೂ ಮಿಕ್ಕಿತ್ತು. "ನಮ್ಮಲ್ಲಿ ಹೀಗೇನೇ, ಕೊನೆಯವರಿಗೂ ಕಮ್ಮಿ ಮಾಡಲ್ಲ" ಎಂದು ಪಾಟೀಲ ಸಾರ್ ಕಡೆ ನೋಡಿ ಹೇಳಿದರು.

ಯಂತ್ರ ಓಡಿಸಿದೆ. ಬಾವಿ ಒಂದಿಷ್ಟು ಪಕ್ಕಕ್ಕೆ ಸರಿದಿತ್ತು, ಅಷ್ಟೆ. ಅಗಲ ಮಾತ್ರ ಅದೇ ಸಣ್ಣದು.

"ನೋಡಿ ಸಾರ್, ಸಮ ಇಟ್ಟರೆ ಅಗಲ ಆಗಲ್ಲ! ನಾನು ಹೇಳಿದ್ದೇ ಇದು!"

"ಅರ್ಧ ಖರೇ ಆತು" ಎಂದರು ಪಾಟೀಲ ಸಾರ್. "ಇನ್ನರ್ಧ? ಈಗ ಬೇಕಾದ್ರ ಹೇಳ್ರಿ ಅವರಿಗೆ. ಆದ್ರ ಕೈ ಅವರದ ಇರ್ಲಿ."

ನಾನು ಅತ್ತೆಯನ್ನು ಪಕ್ಕಕ್ಕೆ ಕರೆದೆ. "ಅತ್ತೆ, ಮೊನ್ನೆ ಇಟ್ಟ ಹಾಗೆ ಇಡಬೇಕು. ಮೊದಲಿಗೆ ಜಾಸ್ತಿ, ಆಮೇಲೆ ಕಮ್ಮಿ ಮಾಡ್ಕೊಂಡು ಹೋಗಿ, ಕೊನೇದಕ್ಕೆ ಏನೂ ಇಲ್ಲ."

ಅತ್ತೆಯ ಮುಖ ಕೆಂಪಾಯಿತು. "ಯಾರು ಹೇಳಿದ್ದು ಮೊನ್ನೆ ಕಮ್ಮಿ ಇಟ್ಟೆ ಅಂತ? ಎಲ್ಲಕ್ಕೂ ಸಮ ಇಟ್ಟಿದೀನಿ ನಾನು!"

"ಗಂಧ ಮುಗಿದುಹೋಗಿತ್ತು ಅತ್ತೆ. ಎಲ್ಲರೂ ನೋಡಿದಾರೆ."

"ಎಲ್ಲರೂ ನೋಡಿದ್ರಾ?" ಎಂದು ಕೇಳಿದ ದನಿ ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ಸಣ್ಣಗೆ, "ಏನೋ ಮೊನ್ನೆ ಆಗಿದ್ದು ಆಗಿಹೋಯ್ತು. ಈಗ ಹೊರಗಿನವರ ಎದುರಿಗೆ, ಬಟ್ಟಲು ತುಂಬ ಇಟ್ಕೊಂಡು, ಬೇಕು ಅಂತಲೇ ಕೈ ಹಿಡೀಲಾ? ನನ್ನ ಏನಂದ್ಕೋತಾರೆ ವಸು ಅವರು? ನನ್ನ ಕೈಲಾಗಲ್ಲಮ್ಮ."

"ಆಗಲ್ಲ ಅಂದ್ರೆ ಅವರು ಸಹಿ ಹಾಕಲ್ಲ ಅತ್ತೆ. ಶೇಷಾದ್ರಿ ಸಾರ್ ಹೊರಟುಹೋಗ್ತಾರೆ. ನನ್ನದು ಮತ್ತೆ ಮೊದಲಿಂದ." ಹೇಳುತ್ತಲೇ ನನಗೆ ಅಳು ಬಂದುಬಿಟ್ಟಿತು. ಅಷ್ಟು ವರ್ಷ ಅವರ ಎದುರು ನಾನು ಅತ್ತವಳಲ್ಲ. "ಆ ಬಾಗಿಲ ಹತ್ರ ನಿಂತಿದಾರಲ್ಲ, ಅವರ ಹತ್ರ ಬಾಯ್ಲರ್ ಓದಬೇಕು ನಾನು."

ಅತ್ತೆ ಬಾಗಿಲ ಕಡೆ ನೋಡಿದರು. ಬಾಯ್ಲರ್ ಪಂಡಿತರು ಕೈಮುಗಿದರು. ಅತ್ತೆ ಕೈಮುಗಿಯಲಿಲ್ಲ.

ಸೆರಗಿನ ತುದಿಯಿಂದ ನನ್ನ ಕಣ್ಣೊರೆಸಿ, "ಅಳಬೇಡ, ಥೂ, ಇಷ್ಟು ದೊಡ್ಡವಳಾಗಿ" ಎಂದರು. ಬ್ಲೇಡುಗಳನ್ನು ತಾವೇ ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ವಚ್ಛ ಮಾಡಿದರು. ಆಮೇಲೆ ಬಟ್ಟಲಲ್ಲಿದ್ದ ಗಂಧದ ಬಹುಪಾಲನ್ನು ಒಂದು ಎಲೆಗೆ ಸುರಿದು ನಂಜುಂಡಪ್ಪನ ಕೈಗೆ ಕೊಟ್ಟು, "ನಿನ್ನ ಲೇತಿಗೆ ಹಚ್ಚಪ್ಪ" ಎಂದರು. ತುಂಬಿದ ಬಟ್ಟಲು ಇಟ್ಟುಕೊಂಡು ಜಿಪುಣತನ ಮಾಡಲು ಅವರಿಗೆ ಸಾಧ್ಯವೇ ಇರಲಿಲ್ಲ. ಇರುವುದನ್ನು ದಾನ ಕೊಟ್ಟು, ಇಲ್ಲದವರಾಗಿ ಕಮ್ಮಿ ಇಡಬಹುದಿತ್ತು.

ಮೊದಲನೆಯದಕ್ಕೆ ಉಂಡೆಯಷ್ಟು ಇಟ್ಟರು. ಹಾಗೇ ಮುಂದಕ್ಕೆ ಹೋದರು. ಹೊರಗೆ ಮಳೆ ಸುರಿಯುತ್ತಿತ್ತು. ನಡುವಿಗೆ ಬರುವಷ್ಟರಲ್ಲಿ ಬಟ್ಟಲು ಕೆರೆಯತೊಡಗಿದರು. ಕೊನೆಯ ಬ್ಲೇಡಿಗೆ ಬಂದಾಗ ಬೆರಳಿನಲ್ಲಿ ಏನೂ ಉಳಿದಿರಲಿಲ್ಲ. ಬರೀ ಬೆರಳನ್ನೇ ಅದಕ್ಕೆ ತಾಗಿಸಿ, ಕಣ್ಣು ಮುಚ್ಚಿ, "ತಪ್ಪಾಯ್ತು ಕಣಮ್ಮ, ನಿನಗೆ ಏನೂ ಉಳೀಲಿಲ್ಲ" ಎಂದರು. ಹ್ಯಾಕ್‌ಸಾ ಬ್ಲೇಡಿಗೆ! ನನಗೆ ನಗಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

ಯಂತ್ರ ಓಡಿತು. ಗೆರೆ ಇಳಿಯಿತು, ಅಗಲಕ್ಕೆ ಹೋಯಿತು, ಎಷ್ಟೋ ಆಚೆ ಹೋಗಿ ಎದ್ದಿತು. ಕೆರೆ!

ಪಾಟೀಲ ಸಾರ್ ಎದ್ದು ನಿಂತರು. ನನ್ನ ಕಡೆ ಬರಲಿಲ್ಲ, ಅತ್ತೆಯ ಕಡೆ ಹೋದರು. "ಅವ್ವಾರ, ನೀವು ಕಡೀಕ ಕಮ್ಮಿ ಹಚ್ಚಿದ್ರಿ ಅಂತನ ನಿಮ್ಮ ಸೊಸಿ ಡಾಕ್ಟರ್ ಆದ್ಲು" ಎಂದು ಸಹಿ ಹಾಕಿದರು. ಶೇಷಾದ್ರಿ ಸಾರ್ ಕನ್ನಡಕ ಹಾಕಿಕೊಂಡರು. ಬಾಯ್ಲರ್ ಪಂಡಿತರು ಎಲ್ಲಿ ಹೋದರೋ ಕಾಣಲಿಲ್ಲ.

ಥೀಸಿಸ್ಸಿಗೆ ಒಂದು ಅಧ್ಯಾಯ ಹೆಚ್ಚಾಯಿತು. ಅದರಲ್ಲಿ ಅತ್ತೆಯ ಗಂಧವನ್ನು "ಕ್ರಮೇಣ ಕಡಿಮೆಯಾಗುವ ಹೆಚ್ಚುವರಿ ದ್ರವ್ಯರಾಶಿ" ಎಂದು ಬರೆದೆ. ನನ್ನ ಮುಂದಿನ ಬದುಕಿನ ಅನ್ನವೆಲ್ಲ ಆ ಅಧ್ಯಾಯದಿಂದಲೇ ಬೆಂದದ್ದು. ಅತ್ತೆ ಬೀದಿಯಲ್ಲಿ ಎಲ್ಲರಿಗೂ, "ಪರೀಕ್ಷೆ ನನಗೂ ಮಾಡಿದ್ರು, ಎರಡನೇ ಸಲಕ್ಕೆ ಪಾಸಾದೆ" ಎಂದು ಹೇಳಿಕೊಂಡು ಬಂದರು. ಕೊನೆಯ ಬ್ಲೇಡಿನ ವಿಷಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಪ್ರತಿ ನವರಾತ್ರಿ ಗೊಂಬೆ ಜೋಡಿಸುವಾಗ ನನ್ನನ್ನು ಕೇಳುತ್ತಿದ್ದರು, "ಆಮೇಲೆ ಆ ಕೊನೇದಕ್ಕೆ ಯಾರಾದ್ರೂ ಗಂಧ ಇಟ್ರೇನೆ?"

"ಅದು ಕಬ್ಬಿಣ ಅತ್ತೆ."

"ಗೊತ್ತು ಕಬ್ಬಿಣ ಅಂತ. ಇಟ್ರಾ?"

ಇಟ್ಟಿರಲಿಲ್ಲ. ಇಟ್ಟರೆ ಲೆಕ್ಕ ತಪ್ಪುತ್ತದೆ. ನಾನು ಬೇರೆ ಕಾಲೇಜಿಗೆ ಹೋದೆ, ಅತ್ತೆ ಕೆಲವು ವರ್ಷದ ಹಿಂದೆ ತೀರಿಕೊಂಡರು. ಹೋಗುವ ವರ್ಷದ ನವರಾತ್ರಿಯಲ್ಲೂ ಕೇಳಿದ್ದರು.

ಹೋದ ವರ್ಷ ಆ ದಿನ, ನನ್ನ ನಗು ನಿಂತ ಮೇಲೆ, ಸಿಂಧು ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಅದೇ ಮೇಜು. ಅದರ ಮೇಲೆ ಅದೇ ಪಟ್ಟಿ, ಅದೇ ಬ್ಲೇಡುಗಳು, ನಟ್ಟು ಕಿಲುಬು ಹಿಡಿದಿವೆ. ವಿದ್ಯಾರ್ಥಿಗಳಿಗೆ ಈಗಲೂ ಇದರ ಮೇಲೆಯೇ ಪ್ರಯೋಗ ಮಾಡಿಸುತ್ತಾರಂತೆ. ಗಂಧದ ಬದಲಿಗೆ ಒಂದೊಂದು ಬ್ಲೇಡಿಗೂ ತೂಕ ಮಾಡಿದ ಮೇಣ ಅಂಟಿಸಿದ್ದರು, ಮೊದಲಿಗೆ ಜಾಸ್ತಿ, ಹೋಗ್ತಾ ಹೋಗ್ತಾ ಕಮ್ಮಿ. ಕೊನೆಯದಕ್ಕೆ ಏನೂ ಇಲ್ಲ. ಹಬ್ಬದ ದಿನವಾದರೂ ಯಾರೂ ಅದಕ್ಕೆ ಪೂಜೆ ಮಾಡಿರಲಿಲ್ಲ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ "ಮುಟ್ಟಬೇಡಿ" ಎಂಬ ಬೋರ್ಡು ಇತ್ತು.

ನಾನು ಲೇತಿನ ಮುಂದಿದ್ದ ತಟ್ಟೆಯಿಂದ ಬೆರಳ ತುಂಬ ಗಂಧ ತೆಗೆದುಕೊಂಡು ಬಂದು ಕೊನೆಯ ಬ್ಲೇಡಿನ ಮುಂದೆ ನಿಂತೆ.

"ಮೇಡಂ, ಮೇಡಂ! ಅದಕ್ಕೆ ಇಟ್ರೆ ಕರ್ವ್ ಹಾಳಾಗತ್ತೆ. ನಿಮ್ಮ ಪೇಪರ್‌ನಲ್ಲೇ ಬರೆದಿದೀರಲ್ಲ!"

"ಹಾಳಾಗ್ಲಿ ಬಿಡಮ್ಮ" ಎಂದೆ. ಉಂಡೆಯಷ್ಟು ಇಟ್ಟೆ. ಅದರ ಮೇಲೆ ಕುಂಕುಮ ಇಟ್ಟೆ, ಅಕ್ಷತೆ ಇಟ್ಟೆ, ಒಂದು ಸೇವಂತಿಗೆ ಎಸಳನ್ನೂ ಒತ್ತಿದೆ. ಆಮೇಲೆ ಮೇಲೆ ನೋಡಿ, ಅಲ್ಲಿ ಫ್ಯಾನು ತಿರುಗುತ್ತಿತ್ತು, ಗಟ್ಟಿಯಾಗಿಯೇ ಹೇಳಿದೆ: "ಇಟ್ಟೆ ಅತ್ತೆ."